ಎಲೆಯ ಕಷಾಯದಲ್ಲಿ ಬೆಳ್ಳಿಯ ಕಣ

ಪ್ರವೇಶ: ವಿಜ್ಞಾನದ ಸಾಧನೆಯನ್ನು ನಾವು ಸಾಮಾನ್ಯವಾಗಿ ಅದರ ಫಲದಿಂದ ಅಳೆಯುತ್ತೇವೆ. ಆ ಫಲವನ್ನು ಪಡೆದ ಬಗೆ ಯಾವುದು, ಅದರಿಂದ ನೆಲಕ್ಕೂ ನೀರಿಗೂ ಏನಾಯಿತು ಎಂದು ಕೇಳುವುದು ಕಡಿಮೆ. ಲೋಹಗಳ ಅತಿಸೂಕ್ಷ್ಮ ಕಣಗಳನ್ನು ತಯಾರಿಸುವ ಹಳೆಯ ಹಾಗೂ ಹೊಸ ಮಾರ್ಗಗಳನ್ನು ಪರಿಚಯಿಸುತ್ತ, ಈ ಪ್ರಶ್ನೆಯನ್ನು ಪ್ರಸ್ತುತ ಪಾಠವು ನಮ್ಮ ಮುಂದಿಡುತ್ತದೆ.

ಲಂಡನ್ ನಗರದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಕೆಲವು ಹಳೆಯ ಗಾಜಿನ ಸೀಸೆಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳಲ್ಲಿರುವುದು ಮಾಣಿಕ್ಯದ ಬಣ್ಣದ ತಿಳಿಯಾದ ದ್ರವ. ಮೊದಲ ಬಾರಿಗೆ ಕಂಡವರು ಅದನ್ನು ಯಾವುದೋ ಹಣ್ಣಿನ ಪಾನಕವೆಂದೇ ತಿಳಿದಾರು. ಆದರೆ ಆ ನೀರಿನಲ್ಲಿ ಹರಡಿಕೊಂಡಿರುವುದು ಅಪ್ಪಟ ಚಿನ್ನ. ಚಿನ್ನವು ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರವಾದ ಲೋಹ. ಅದು ನೀರಿನಲ್ಲಿ ಮುಳುಗಿ ತಳ ಸೇರಬೇಕಾದುದು ಸಹಜ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದರೂ ಆ ಸೀಸೆಗಳ ಚಿನ್ನ ಮಾತ್ರ ತಳ ಸೇರಿಲ್ಲ. ಹೊಳೆಯುವ ಹಳದಿ ಬಣ್ಣವೂ ಅದಕ್ಕಿಲ್ಲ.

ಆ ದ್ರವವನ್ನು ತಯಾರಿಸಿದವನು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದ ಮಹನೀಯ ಆತ. ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಅರಿಯಲು ನಡೆಸಿದ ಪ್ರಯೋಗಗಳನ್ನು ಫ್ಯಾರಡೆಯು 1857ರಲ್ಲಿ ರಾಯಲ್ ಸೊಸೈಟಿಯ ಎದುರು ಉಪನ್ಯಾಸರೂಪದಲ್ಲಿ ವಿವರಿಸಿದನು. ಕೆಂಪು ದ್ರವದಲ್ಲಿರುವುದು ಚಿನ್ನವೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆದುಕೊಂಡಿರುವ ಚಿನ್ನ ಎಂಬುದು ಆತನ ತರ್ಕ. ಆ ಕಣಗಳನ್ನು ಪ್ರತ್ಯಕ್ಷವಾಗಿ ತೋರಿಸಬಲ್ಲ ಉಪಕರಣ ಆ ಕಾಲದಲ್ಲಿ ಇರಲಿಲ್ಲ. ಮುಂದಿನ ಶತಮಾನದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದಮೇಲೆ ಫ್ಯಾರಡೆಯ ಮಾತು ನಿಜವೆಂದು ಸ್ಥಿರಪಟ್ಟಿತು.

ಇಂತಹ ಕಣಗಳನ್ನು ಇಂದು ನ್ಯಾನೊ ಕಣಗಳೆಂದು ಕರೆಯುತ್ತಾರೆ. 'ನ್ಯಾನೊ' ಎಂಬುದು ಕುಬ್ಜ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗವೇ ನ್ಯಾನೊಮೀಟರು. 1ರಿಂದ 100 ನ್ಯಾನೊಮೀಟರುಗಳವರೆಗಿನ ಗಾತ್ರದ ಕಣಗಳು ಈ ಹೆಸರಿಗೆ ಸಲ್ಲುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರು. 20 ನ್ಯಾನೊಮೀಟರು ಗಾತ್ರದ ಕಣಗಳನ್ನು ಒಂದು ಕೂದಲಿನ ಅಗಲದಲ್ಲಿ ಸಾಲಾಗಿ ಇಟ್ಟರೆ ನಾಲ್ಕು ಸಾವಿರ ಕಣಗಳು ಹಿಡಿಸುತ್ತವೆ.

ಗಾತ್ರ ಕಿರಿದಾದ ಮಾತ್ರಕ್ಕೆ ಗುಣವೇಕೆ ಬದಲಾಗಬೇಕು? ಇದಕ್ಕೆ ಎರಡು ಮುಖ್ಯ ಕಾರಣಗಳುಂಟು. ಲೋಹದಲ್ಲಿ ಸ್ವತಂತ್ರವಾಗಿ ಚಲಿಸುವ ಎಲೆಕ್ಟ್ರಾನುಗಳಿರುತ್ತವೆ. ಕಣವು ಬೆಳಕಿನ ತರಂಗಕ್ಕಿಂತ ಬಹಳ ಚಿಕ್ಕದಾದಾಗ ಅದರೊಳಗಿನ ಎಲೆಕ್ಟ್ರಾನುಗಳೆಲ್ಲ ಬೆಳಕಿನ ತಾಳಕ್ಕೆ ಒಟ್ಟಾಗಿ ಓಲಾಡತೊಡಗುತ್ತವೆ. ಹಾಗೆ ಓಲಾಡುವಾಗ ಚಿನ್ನದ ಕಣಗಳು ಬಿಳಿಯ ಬೆಳಕಿನಲ್ಲಿರುವ ಹಸಿರನ್ನು ಹೀರಿಕೊಳ್ಳುತ್ತವೆ. ಉಳಿದು ಹೊರಬರುವ ಬೆಳಕು ನಮಗೆ ಕೆಂಪಾಗಿ ತೋರುತ್ತದೆ. ಬೆಳ್ಳಿಯ ಕಣಗಳು ನೇರಳೆಯನ್ನು ಹೀರಿಕೊಳ್ಳುವುದರಿಂದ ಬೆಳ್ಳಿಯ ನೀರು ಹಳದಿಯಾಗಿ ಕಾಣುತ್ತದೆ.

ಎರಡನೆಯ ಕಾರಣ ಮೇಲ್ಮೈ. ಒಂದು ಸೆಂಟಿಮೀಟರು ಉದ್ದ, ಅಗಲ, ಎತ್ತರವುಳ್ಳ ಬೆಳ್ಳಿಯ ಘನವೊಂದನ್ನು ತೆಗೆದುಕೊಳ್ಳೋಣ. ಅದರ ಆರು ಮುಖಗಳು ಸೇರಿ ಆರು ಚದರ ಸೆಂಟಿಮೀಟರುಗಳಾಗುತ್ತವೆ. ಅದೇ ಘನವನ್ನು 10 ನ್ಯಾನೊಮೀಟರು ಅಳತೆಯ ಚಿಕ್ಕ ಘನಗಳಾಗಿ ಕತ್ತರಿಸಿದೆವೆಂದು ಭಾವಿಸಿ. ಬೆಳ್ಳಿಯ ತೂಕ ಹೆಚ್ಚುವುದಿಲ್ಲ. ಆದರೆ ಎಲ್ಲ ಚಿಕ್ಕ ಘನಗಳ ಮುಖಗಳನ್ನು ಕೂಡಿಸಿದರೆ 600 ಚದರ ಮೀಟರುಗಳಾಗುತ್ತವೆ. ನಾಲ್ಕು ಕಬಡ್ಡಿ ಅಂಕಣಗಳನ್ನು ಮುಚ್ಚಿ ಇನ್ನೂ ಮಿಗುವಷ್ಟು ಹರವು ಇದು. ವಾಮನನು ಮೂರಡಿ ನೆಲ ಬೇಡಿ ಲೋಕಗಳನ್ನೇ ಅಳೆದ ಕಥೆಯನ್ನು ನೀವು ಕೇಳಿದ್ದೀರಿ. ಲೋಹದ ಕಣವೂ ಕುಬ್ಜವಾದಷ್ಟು ವ್ಯಾಪಕವಾಗುತ್ತದೆ. ರಾಸಾಯನಿಕ ಕ್ರಿಯೆಗಳು ನಡೆಯುವುದು ಮೇಲ್ಮೈಯಲ್ಲಿ. ಆದುದರಿಂದಲೇ ಅತ್ಯಲ್ಪ ಪ್ರಮಾಣದ ಬೆಳ್ಳಿಯು ರೋಗಾಣುಗಳನ್ನು ಕೊಲ್ಲಬಲ್ಲುದು. ಗಾಯದ ಪಟ್ಟಿಗಳಲ್ಲಿ, ನೀರು ಶೋಧಿಸುವ ಸಾಧನಗಳಲ್ಲಿ, ರೋಗಪತ್ತೆಯ ಪರೀಕ್ಷೆಗಳಲ್ಲಿ ಇಂತಹ ಕಣಗಳಿಗೆ ಬೇಡಿಕೆ ಬಂದುದು ಈ ಗುಣಗಳಿಂದ.

ಇನ್ನು ಇವುಗಳನ್ನು ತಯಾರಿಸುವ ಬಗೆಯನ್ನು ನೋಡೋಣ. ಸಿಲ್ವರ್ ನೈಟ್ರೇಟ್ ಎಂಬ ಲವಣವನ್ನು ನೀರಿನಲ್ಲಿ ಕರಗಿಸಿದರೆ ಬೆಳ್ಳಿಯು ಅಯಾನುಗಳ ರೂಪದಲ್ಲಿ ಬೇರ್ಪಡುತ್ತದೆ. ಅಯಾನಿನ ರೂಪದ ಬೆಳ್ಳಿಯ ಪ್ರತಿಯೊಂದು ಪರಮಾಣುವೂ ತನ್ನ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡಿರುತ್ತದೆ. ಕಳೆದುಹೋದ ಎಲೆಕ್ಟ್ರಾನನ್ನು ಯಾವುದಾದರೂ ವಸ್ತುವು ಮರಳಿ ಕೊಟ್ಟರೆ ಅಯಾನು ಮತ್ತೆ ಲೋಹದ ಪರಮಾಣುವಾಗುತ್ತದೆ. ಈ ಕ್ರಿಯೆಗೆ ಅಪಕರ್ಷಣವೆಂದೂ ಎಲೆಕ್ಟ್ರಾನನ್ನು ಕೊಡುವ ವಸ್ತುವಿಗೆ ಅಪಕರ್ಷಕವೆಂದೂ ಹೆಸರು. ಹೀಗೆ ಹುಟ್ಟಿದ ಪರಮಾಣುಗಳು ಒಂದರೊಡನೊಂದು ಕೂಡಿ ಕಣವಾಗುತ್ತವೆ. ಆದರೆ ಅವುಗಳನ್ನು ಹಾಗೆಯೇ ಬಿಟ್ಟರೆ, ಕದಡದೆ ಕುದಿಸಿದ ಅಂಬಲಿಯ ಹಿಟ್ಟಿನಂತೆ ಗಂಟುಕಟ್ಟಿ ತಳ ಸೇರಿಬಿಡುತ್ತವೆ. ಆದುದರಿಂದ ಕಣ ಹುಟ್ಟಿದೊಡನೆಯೇ ಅದಕ್ಕೊಂದು ಹೊದಿಕೆ ಬೇಕು. ಒಟ್ಟಿನಲ್ಲಿ ಈ ಕೆಲಸಕ್ಕೆ ಲೋಹದ ಲವಣವಲ್ಲದೆ ಕರಗಿಸುವ ದ್ರವ, ಅಪಕರ್ಷಕ, ಹೊದಿಕೆ ಎಂಬ ಮೂರು ವಸ್ತುಗಳು ಬೇಕು.

ಫ್ಯಾರಡೆಯು ಅಪಕರ್ಷಕವಾಗಿ ಬಳಸಿದುದು ರಂಜಕವನ್ನು. ಅದನ್ನು ಕರಗಿಸಿದುದು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದಲ್ಲಿ. ಅದು ಕಿಡಿ ತಗಲಿದೊಡನೆ ಹೊತ್ತಿಕೊಳ್ಳುವ, ಆವಿಯಿಂದ ನರಗಳಿಗೆ ಕೇಡು ಮಾಡುವ ದ್ರವ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಟರ್ಕೆವಿಚ್ ಮತ್ತು ಸಂಗಡಿಗರು ಸೌಮ್ಯವಾದ ಮಾರ್ಗವೊಂದನ್ನು ಕೂಲಂಕಷವಾಗಿ ಅಭ್ಯಸಿಸಿದರು. ಚಿನ್ನದ ಲವಣದ ಕುದಿಯುವ ನೀರಿಗೆ ಸಿಟ್ರೇಟನ್ನು, ಎಂದರೆ ನಿಂಬೆಯ ಹುಳಿಗೆ ಕಾರಣವಾದ ಆಮ್ಲದ ಲವಣವನ್ನು ಬೆರೆಸಿ ಅವರು 20 ನ್ಯಾನೊಮೀಟರಿನ ಆಸುಪಾಸಿನ ಕಣಗಳನ್ನು ಪಡೆದರು. ಆದರೂ ಇನ್ನಷ್ಟು ಸಣ್ಣ, ಒಂದೇ ಅಳತೆಯ ಕಣಗಳು ಬೇಕೆಂಬ ಆತುರದಲ್ಲಿ ಪ್ರಯೋಗಾಲಯಗಳು ಉಗ್ರವಾದ ವಸ್ತುಗಳ ಕಡೆಗೇ ಒಲಿದವು. ಸೋಡಿಯಂ ಬೋರೋಹೈಡ್ರೈಡ್, ಹೈಡ್ರಜೀನ್ ಮೊದಲಾದ ವಿಷಕಾರಿ ಅಪಕರ್ಷಕಗಳೂ ಟೊಲುಯಿನ್‌ನಂತಹ ದ್ರವಗಳೂ ಬಳಕೆಗೆ ಬಂದವು. ಕಣಗಳು ಸೊಗಸಾಗಿ ಬಂದವು. ಅವುಗಳೊಡನೆ ವಿಷದ ತೊಳೆನೀರೂ ಬಂದಿತು. ಕಣದ ಮೈಗೆ ಅಂಟಿ ಉಳಿದ ವಿಷವು ಅದನ್ನು ಔಷಧಕ್ಕೆ ಬಳಸಲು ಅಡ್ಡಿಯಾಯಿತು. ರೋಗಿಯ ಗಾಯ ಮಾಯಿಸಲೆಂದು ಮಾಡಿದ ವಸ್ತುವಿಗಾಗಿ ಇನ್ನಾರದೋ ಬಾವಿಯ ನೀರು ಕೆಡುವುದಾದರೆ ಅದನ್ನು ಉಪಕಾರವೆನ್ನಲು ಬಂದೀತೆ?

ಕಶ್ಮಲವನ್ನು ಹಿಂದೆ ಬಿಟ್ಟುಹೋಗುವುದು ಎಷ್ಟು ದೀರ್ಘಕಾಲದ ಕೇಡು ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಗಳಲ್ಲಿ ಅದಿರನ್ನು ಪುಡಿಮಾಡಿ ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಉಳಿದ ಪುಡಿಯನ್ನು ಊರ ಬಳಿಯಲ್ಲೇ ರಾಶಿ ಹಾಕಿದರು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಜನರು ಸಯನೈಡ್ ಗುಡ್ಡಗಳೆಂದು ಕರೆಯುವ ಆ ರಾಶಿಗಳು ಮಾತ್ರ ಎರಡು ದಶಕಗಳ ಅನಂತರವೂ ಅಲ್ಲಿಯೇ ನಿಂತಿದ್ದವು. ಗಾಳಿ ಬೀಸಿದಾಗ ಅವುಗಳ ಧೂಳು ಮನೆಗಳ ಒಳಗೆ ಬರುತ್ತಿತ್ತು. ಅಮೆರಿಕದ ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ ಎಂಬ ರಸಾಯನವಿಜ್ಞಾನಿಗಳು 1998ರಲ್ಲಿ 'ಹಸಿರು ರಸಾಯನವಿಜ್ಞಾನ'ಕ್ಕೆ ಹನ್ನೆರಡು ಸೂತ್ರಗಳನ್ನು ರೂಪಿಸಿದರು. ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ ಇಷ್ಟು: ಕಶ್ಮಲವನ್ನು ಉಂಟುಮಾಡಿ ಆಮೇಲೆ ಶುದ್ಧಗೊಳಿಸುವುದಕ್ಕಿಂತ ಅದು ಉಂಟಾಗದಂತೆ ನೋಡಿಕೊಳ್ಳುವುದೇ ಲೇಸು.

ಈ ಸೂತ್ರವನ್ನು ನ್ಯಾನೊ ಕಣಗಳ ತಯಾರಿಕೆಗೆ ಅನ್ವಯಿಸಿದವರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿದ್ದ ರವೀಂದ್ರನ್ ಮತ್ತು ಸಂಗಡಿಗರು ಪ್ರಮುಖರು. 2003ರಲ್ಲಿ ಅವರು ಮೂರು ವಸ್ತುಗಳನ್ನೂ ನಿರುಪದ್ರವಿಗಳಾಗಿಯೇ ಆರಿಸಿಕೊಂಡರು. ಕರಗಿಸಲು ನೀರು, ಅಪಕರ್ಷಕವಾಗಿ ಗ್ಲೂಕೋಸ್ ಸಕ್ಕರೆ, ಹೊದಿಕೆಯಾಗಿ ಪಿಷ್ಟ. ಅನ್ನದ ಗಂಜಿಯಲ್ಲಿರುವ ಪಿಷ್ಟದ ಜಾತಿಯೇ ಅದು. ಇಷ್ಟರಿಂದಲೇ ಬೆಳ್ಳಿಯ ಕಣಗಳು ದೊರೆತವು. ಅವುಗಳ ಗಾತ್ರ ಐದು ನ್ಯಾನೊಮೀಟರಿನ ಆಸುಪಾಸು.

ಇದಕ್ಕೂ ಮೊದಲೇ ವಿಜ್ಞಾನಿಗಳ ದೃಷ್ಟಿ ಜೀವಿಗಳ ಕಡೆಗೆ ತಿರುಗಿತ್ತು. ಬೆಳ್ಳಿಯ ಗಣಿಯೊಂದರಿಂದ ಪಡೆದ ಬ್ಯಾಕ್ಟೀರಿಯವು ತನ್ನ ಕೋಶದೊಳಗೆ ಬೆಳ್ಳಿಯ ಹರಳುಗಳನ್ನು ಕೂಡಿಡುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದರು. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ, ಅಬ್ಸಾರ್ ಅಹಮದ್ ಮತ್ತು ಅವರ ಸಂಗಡಿಗರು ಶಿಲೀಂಧ್ರಗಳನ್ನು ಆರಿಸಿಕೊಂಡರು. 2001ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ ವರ್ಟಿಸಿಲಿಯಂ ಎಂಬ ಶಿಲೀಂಧ್ರವು ಚಿನ್ನದ ಕಣಗಳನ್ನು ನಿರ್ಮಿಸಿತ್ತು. ಆದರೆ ಆ ಕಣಗಳು ಶಿಲೀಂಧ್ರದ ಕೋಶದಲ್ಲಿಯೇ ಸಿಕ್ಕಿಕೊಂಡಿದ್ದುದರಿಂದ ಅವುಗಳನ್ನು ಹೊರತೆಗೆಯುವುದು ಕಷ್ಟವಾಗಿತ್ತು. ಕಣಗಳನ್ನು ಕೋಶದ ಹೊರಗೆ, ದ್ರಾವಣದಲ್ಲಿಯೇ ನಿರ್ಮಿಸುವ ಬೇರೊಂದು ಶಿಲೀಂಧ್ರವನ್ನು ಅವರು ಕಂಡುಕೊಂಡರು. ಆದರೂ ಶಿಲೀಂಧ್ರವನ್ನು ಸಾಕಿ ಬೆಳೆಸಲು ದಿನಗಳೇ ಬೇಕು.

ಆಗ ಅದೇ ತಂಡವು ಎಲೆಗಳ ಕಡೆಗೆ ಹೊರಳಿತು. 2004ರಲ್ಲಿ ಅವರು ಬೇವಿನ ಎಲೆಯ ಕಷಾಯದಿಂದ ಬೆಳ್ಳಿ ಮತ್ತು ಚಿನ್ನದ ಕಣಗಳನ್ನು ಪಡೆದುದನ್ನು ಪ್ರಕಟಿಸಿದರು. ಅದೇ ವರ್ಷ ಮಜ್ಜಿಗೆ ಹುಲ್ಲಿನ ಸಾರದಿಂದ ಚಿನ್ನದ ಚಪ್ಪಟೆಯಾದ ತ್ರಿಕೋನಗಳನ್ನೂ, 2006ರಲ್ಲಿ ಲೋಳೆಸರದ ಸಾರದಿಂದ ಕಣಗಳನ್ನೂ ಪಡೆದರು. ಅಂದಿನಿಂದ ಲೋಕದ ನಾನಾ ಪ್ರಯೋಗಾಲಯಗಳಲ್ಲಿ ತುಳಸಿ, ಚಹ, ನೆಲ್ಲಿ, ದಾಲ್ಚಿನ್ನಿ ಮುಂತಾದ ಅಸಂಖ್ಯ ಸಸ್ಯಗಳ ಮೇಲೆ ಇಂತಹ ಪ್ರಯೋಗಗಳು ನಡೆದಿವೆ.

ಪ್ರಯೋಗದ ಕ್ರಮ ನೋಡಲು ಅಡಿಗೆಯ ಕೆಲಸದಂತೆಯೇ ಸರಳವಾಗಿದೆ. ಎಲೆಗಳನ್ನು ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ, ಶುದ್ಧವಾದ ಬಟ್ಟಿ ಇಳಿಸಿದ ನೀರಿನಲ್ಲಿ ಕೆಲವು ನಿಮಿಷ ಕುದಿಸಿ, ಕಷಾಯವನ್ನು ಸೋಸಿಕೊಳ್ಳುತ್ತಾರೆ. ಒಂದು ಲೀಟರು ನೀರಿಗೆ ಗ್ರಾಮಿನ ಆರನೆಯ ಒಂದು ಪಾಲಿನಷ್ಟು ಸಿಲ್ವರ್ ನೈಟ್ರೇಟ್ ಇರುವ ತೆಳುವಾದ ದ್ರಾವಣವನ್ನು ಬೇರೊಂದು ಪಾತ್ರೆಯಲ್ಲಿ ಸಿದ್ಧಪಡಿಸುತ್ತಾರೆ. ಎರಡನ್ನೂ ಬೆರೆಸಿಟ್ಟರೆ ತಿಳಿಯಾಗಿದ್ದ ನೀರು ಮೆಲ್ಲನೆ ಹಳದಿಗೆ, ಹಳದಿಯಿಂದ ಕಂದುಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿಯ ಕಣಗಳು ಹುಟ್ಟಿದುದಕ್ಕೆ ಈ ಬಣ್ಣವೇ ಮೊದಲ ಸಾಕ್ಷಿ. ಶಿಲೀಂಧ್ರಕ್ಕೆ ದಿನಗಳು ಹಿಡಿಯುತ್ತಿದ್ದ ಕೆಲಸ ಇಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಬೆಂಕಿಯ ಕುಲುಮೆಯಾಗಲಿ ಹೊಗೆಯಾಡುವ ಆಮ್ಲವಾಗಲಿ ಆ ಮೇಜಿನ ಮೇಲೆ ಕಾಣುವುದಿಲ್ಲ.

ಹಾಗಾದರೆ ಎಲೆಯಲ್ಲಿ ಎಲೆಕ್ಟ್ರಾನನ್ನು ದಾನ ಮಾಡುವ ವಸ್ತು ಯಾವುದು? ಹೆಚ್ಚಿದ ಬದನೆಕಾಯಿಯನ್ನು ಹಾಗೆಯೇ ಬಿಟ್ಟರೆ ಕಪ್ಪಾಗುವುದನ್ನು ನೀವು ಕಂಡಿದ್ದೀರಿ. ಅದನ್ನು ತಡೆಯಲೆಂದೇ ಮನೆಯಲ್ಲಿ ಹೋಳುಗಳನ್ನು ನೀರಿಗೆ ಹಾಕುತ್ತಾರೆ. ಬದನೆಯಲ್ಲಿರುವ ಪಾಲಿಫೀನಾಲುಗಳೆಂಬ ವಸ್ತುಗಳು, ಹೆಚ್ಚಿದಾಗ ಹೊರಬೀಳುವ ಕಿಣ್ವದ ನೆರವಿನಿಂದ, ಗಾಳಿಯ ಆಮ್ಲಜನಕಕ್ಕೆ ತಮ್ಮ ಎಲೆಕ್ಟ್ರಾನುಗಳನ್ನು ಒಪ್ಪಿಸಿ ಬಣ್ಣ ಬದಲಿಸುತ್ತವೆ. ಚಹದ ಒಗರು, ನೆಲ್ಲಿಯ ಒಗರು, ಮಾವಿನ ಚಿಗುರಿನ ಒಗರು ಬಹುಮಟ್ಟಿಗೆ ಇದೇ ಕುಲದ ವಸ್ತುಗಳಿಂದ ಬಂದುದು. ಬೆಳ್ಳಿಯ ಅಯಾನು ಎದುರಾದಾಗ ಇವು ಎಲೆಕ್ಟ್ರಾನನ್ನು ಅದಕ್ಕೆ ಒಪ್ಪಿಸುತ್ತವೆ. ಎಲೆಯಲ್ಲಿರುವ ಸಕ್ಕರೆಗಳೂ ಈ ಕೆಲಸಕ್ಕೆ ನೆರವಾಗುತ್ತವೆ. ಕಷಾಯದಲ್ಲಿರುವ ಪ್ರೋಟೀನು ಮುಂತಾದ ದೊಡ್ಡ ಅಣುಗಳು ಹೊಸದಾಗಿ ಹುಟ್ಟಿದ ಕಣವನ್ನು ಸುತ್ತುವರಿದು, ಗಂಟುಕಟ್ಟದಂತೆ ಕಾಯುತ್ತವೆ. ಅಪಕರ್ಷಕವೂ ಹೊದಿಕೆಯೂ ಒಂದೇ ಎಲೆಯಲ್ಲಿ ದೊರೆತಂತಾಯಿತು.

ಇಷ್ಟನ್ನು ಕೇಳಿದೊಡನೆ, ಸಮಸ್ಯೆಯೆಲ್ಲ ಬಗೆಹರಿಯಿತೆಂದು ಸಂತೋಷಪಡಬಹುದು. ವಿಜ್ಞಾನವು ಅಷ್ಟಕ್ಕೆ ತೃಪ್ತಿಪಡಬಾರದು. ಮಳೆಗಾಲದಲ್ಲಿ ಕಿತ್ತ ಎಲೆಯ ರಸವೂ ಬೇಸಗೆಯಲ್ಲಿ ಕಿತ್ತ ಎಲೆಯ ರಸವೂ ಒಂದೇ ಆಗಿರುವುದಿಲ್ಲ. ಕೆಂಪುಮಣ್ಣಿನ ಬೇವಿಗೂ ಎರೆಮಣ್ಣಿನ ಬೇವಿಗೂ ವ್ಯತ್ಯಾಸವಿರಬಹುದು. ಅದರಿಂದ ಒಂದು ಸಲ ದೊರೆತ ಗಾತ್ರದ ಕಣಗಳೇ ಮತ್ತೊಂದು ಸಲವೂ ದೊರೆಯುತ್ತವೆಂಬ ಭರವಸೆಯಿಲ್ಲ. ಔಷಧಕ್ಕೆ ಬಳಸುವ ವಸ್ತುವಿನಲ್ಲಿ ಇಂತಹ ಏರುಪೇರು ಸಲ್ಲದು. ಎರಡನೆಯದಾಗಿ, ಎಲೆಯು ಮನೆಯ ಹಿತ್ತಲಿನದಾದರೂ ಸಿಲ್ವರ್ ನೈಟ್ರೇಟ್ ಹಿತ್ತಲಿನದಲ್ಲ. ಬೆಳ್ಳಿಯನ್ನು ಗಣಿಯಿಂದ ತೆಗೆದು ನೈಟ್ರಿಕ್ ಆಮ್ಲದಲ್ಲಿ ಕರಗಿಸಿಯೇ ಅದನ್ನು ಪಡೆಯಬೇಕು. ಮೈಗೆ ತಗಲಿದರೆ ಚರ್ಮ ಕಪ್ಪಾಗುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಮೂರನೆಯದಾಗಿ, ರೋಗಾಣುವನ್ನು ಕೊಲ್ಲುವ ಬೆಳ್ಳಿಯು ಕೆರೆಯನ್ನು ಸೇರಿದರೆ ಅಲ್ಲಿನ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಮೀನುಗಳನ್ನೂ ಬಾಧಿಸುತ್ತದೆ. ತುಳಸಿಯ ಕಷಾಯದಲ್ಲಿ ಹುಟ್ಟಿತೆಂಬ ಕಾರಣಕ್ಕೆ ಬೆಳ್ಳಿಯು ತುಳಸಿಯ ತೀರ್ಥವಾಗಿಬಿಡುವುದಿಲ್ಲ. 'ಸಸ್ಯದಿಂದ ಬಂದುದು' ಎಂಬ ಮಾತು ಒಂದು ಒಳ್ಳೆಯ ಆರಂಭವನ್ನು ಸೂಚಿಸುತ್ತದೆ; ವಸ್ತುವು ಹುಟ್ಟುವ ಗಣಿಯಿಂದ ಹಿಡಿದು ಕೊನೆಗೆ ಸೇರುವ ನೀರಿನವರೆಗೆ ಅದರ ಇಡೀ ಪಯಣವನ್ನು ನೋಡಿದಮೇಲೆಯೇ ಅದು ಹಸಿರೋ ಅಲ್ಲವೋ ಎಂದು ನಿರ್ಧರಿಸಬೇಕು.

ಈ ವಿವೇಕದಿಂದ ನಡೆದ ಪ್ರಯತ್ನಕ್ಕೆ ನಮ್ಮ ದೇಶದಲ್ಲಿಯೇ ಒಂದು ಉದಾಹರಣೆಯುಂಟು. ಮದರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರೊ. ಟಿ. ಪ್ರದೀಪ್ ಮತ್ತು ಸಂಗಡಿಗರು ಬಡಕುಟುಂಬಗಳಿಗೆ ಎಟಕುವಂತಹ, ವಿದ್ಯುಚ್ಛಕ್ತಿ ಬೇಡದ ನೀರುಶೋಧಕವೊಂದನ್ನು 2013ರಲ್ಲಿ ವಿವರಿಸಿದರು. ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್ ಎಂಬ ನೈಸರ್ಗಿಕ ವಸ್ತುವನ್ನು ಅಲ್ಯೂಮಿನಿಯಮ್ಮಿನ ಸಂಯುಕ್ತದೊಡನೆ ಹೆಣೆದು ಅವರು ಹೊಳೆಯ ಮರಳಿನಂತಹ ಹರಳುಗಳನ್ನು ಮಾಡಿದರು. ತಯಾರಿಕೆಗೆ ಬಳಸಿದ ದ್ರವ ನೀರೇ; ಶಾಖವೂ ಕೋಣೆಯ ಉಷ್ಣತೆಯ ಆಸುಪಾಸಿನದೇ. ಬೆಳ್ಳಿಯ ನ್ಯಾನೊ ಕಣಗಳನ್ನು ಆ ಹರಳುಗಳ ಒಳಗೆ ಪಂಜರದಲ್ಲಿಟ್ಟಂತೆ ಇರಿಸಿದರು. ಕಣಗಳು ನೀರಿಗೆ ಕೊಚ್ಚಿಹೋಗುವುದಿಲ್ಲ. ರೋಗಾಣುಗಳನ್ನು ಕೊಲ್ಲಲು ಬೇಕಾದಷ್ಟು ಬೆಳ್ಳಿಯ ಅಯಾನು ಮಾತ್ರ, ಲೀಟರಿಗೆ ಗ್ರಾಮಿನ ಲಕ್ಷದಲ್ಲಿ ಸುಮಾರು ನಾಲ್ಕು ಭಾಗದಷ್ಟು, ಹೊರಬರುತ್ತದೆ. ಒಂದು ಕುಟುಂಬಕ್ಕೆ ವರ್ಷವೊಂದಕ್ಕೆ ಇದರಿಂದ ತಗಲುವ ವೆಚ್ಚ ಎರಡೂವರೆ ಡಾಲರುಗಳಷ್ಟು ಎಂದು ಅವರು ಲೆಕ್ಕಹಾಕಿದರು. ಇಲ್ಲಿ ವಸ್ತುವನ್ನು ಮಾಡುವ ಬಗೆ, ಬಳಸುವ ಬಗೆ, ಬಳಸುವವರ ಬಡತನ ಈ ಮೂರನ್ನೂ ವಿಜ್ಞಾನಿಯು ಒಟ್ಟಿಗೆ ಯೋಚಿಸಿದ್ದಾನೆ.

ನಮ್ಮ ಹಿರಿಯರು ಗುರಿಯಷ್ಟೇ ಸಾಧನವೂ ಶುದ್ಧವಾಗಿರಬೇಕೆಂದು ಹೇಳುತ್ತಿದ್ದರು. ರಾಜಕಾರಣದಲ್ಲಿಯೂ ನಿತ್ಯಜೀವನದಲ್ಲಿಯೂ ನಾವು ಮನ್ನಿಸುವ ಈ ಮಾತು ಪ್ರಯೋಗಾಲಯದ ಬಾಗಿಲಲ್ಲಿ ನಿಂತುಬಿಡಬೇಕಾಗಿಲ್ಲ. ಫ್ಯಾರಡೆಯ ಸೀಸೆಯಲ್ಲಿರುವ ಚಿನ್ನವು ಇಂದಿಗೂ ನಮ್ಮ ಕಣ್ಣಿಗೆ ಕೌತುಕವೇ. ಆ ಕೌತುಕವನ್ನು ಉಳಿಸಿಕೊಂಡು, ಅದನ್ನು ಪಡೆಯುವ ದಾರಿಯಲ್ಲಿ ವಿಷವನ್ನು ಬಿಡುವುದು ಮುಂದಿನ ತಲೆಮಾರಿನ ಕೆಲಸ. ನಾಳೆ ನಿಮ್ಮಲ್ಲಿ ಕೆಲವರು ಆ ಮೇಜಿನ ಮುಂದೆ ನಿಲ್ಲುವಿರಿ. ನೀವು ತಯಾರಿಸಿದ ವಸ್ತುವು ಏನೆಲ್ಲ ಮಾಡಬಲ್ಲುದು ಎಂಬುದರ ಜೊತೆಗೆ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಯಿತು ಎಂಬುದನ್ನೂ ಆಗ ಕೇಳಿಕೊಳ್ಳಿ.

ಪದಗಳ ಅರ್ಥ

ಕುಬ್ಜ – ಗಿಡ್ಡ. ಅಪಕರ್ಷಣ – ಎಲೆಕ್ಟ್ರಾನನ್ನು ಪಡೆಯುವ ರಾಸಾಯನಿಕ ಕ್ರಿಯೆ. ರಂಜಕ – ಗಾಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಒಂದು ಮೂಲವಸ್ತು. ಕಶ್ಮಲ – ಕೊಳೆ, ಹೊಲಸು. ನಿರುಪದ್ರವಿ – ಕೇಡು ಮಾಡದ. ಶಿಲೀಂಧ್ರ – ಅಣಬೆ, ಬೂಷ್ಟುಗಳ ವರ್ಗದ ಜೀವಿ. ಪಿಷ್ಟ – ಧಾನ್ಯ, ಗೆಡ್ಡೆಗಳಲ್ಲಿರುವ ಹಿಟ್ಟಿನ ಅಂಶ. ಕಿಣ್ವ – ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಫ್ಯಾರಡೆಯ ಸೀಸೆಗಳಲ್ಲಿರುವ ದ್ರವದ ಬಣ್ಣ ಯಾವುದು?
2. ಒಂದು ನ್ಯಾನೊಮೀಟರು ಎಂದರೆ ಎಷ್ಟು?
3. ಬೇವಿನ ಎಲೆಯಿಂದ ಕಣಗಳನ್ನು ಪಡೆದ ತಂಡವು ಯಾವ ಊರಿನ ಪ್ರಯೋಗಾಲಯಕ್ಕೆ ಸೇರಿದುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಕಣಗಳಿಗೆ ಹೊದಿಕೆ ಏಕೆ ಬೇಕು?
2. ಹೆಚ್ಚಿದ ಬದನೆಕಾಯಿ ಕಪ್ಪಾಗುವುದಕ್ಕೂ ಎಲೆಯ ಕಷಾಯದಲ್ಲಿ ಬೆಳ್ಳಿಯ ಕಣ ಹುಟ್ಟುವುದಕ್ಕೂ ಇರುವ ಸಂಬಂಧವೇನು?
3. ಲೇಖಕರು ಕೋಲಾರದ ಗುಡ್ಡಗಳನ್ನು ಪ್ರಸ್ತಾಪಿಸಿದ ಉದ್ದೇಶವೇನು?

ಇ) ವಿವರವಾಗಿ ಉತ್ತರಿಸಿ.
'ಸಸ್ಯದಿಂದ ಬಂದುದು' ಎಂಬುದೊಂದೇ ಒಂದು ವಸ್ತುವನ್ನು ಹಸಿರೆಂದು ಕರೆಯಲು ಸಾಲದು. ಈ ಅಭಿಪ್ರಾಯವನ್ನು ಪಾಠದ ಆಧಾರದಿಂದ ಸಮರ್ಥಿಸಿ.

ಈ) ಭಾಷಾಭ್ಯಾಸ.
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಪ್ರಯೋಗಾಲಯ, ಅತ್ಯಲ್ಪ, ತಲೆಗೂದಲು.
2. ಸ್ವಂತ ವಾಕ್ಯಗಳಲ್ಲಿ ಬಳಸಿ: ಕೂಲಂಕಷವಾಗಿ, ಗಂಟುಕಟ್ಟು, ಏರುಪೇರು.

ಉ) ಮಾಡಿ ನೋಡಿ.
ಒಂದು ಗಾಜಿನ ಲೋಟದಲ್ಲಿ ಶುದ್ಧವಾದ ನೀರನ್ನೂ ಇನ್ನೊಂದರಲ್ಲಿ ಒಂದೆರಡು ಹನಿ ಹಾಲು ಬೆರೆಸಿದ ನೀರನ್ನೂ ಇಡಿ. ಕತ್ತಲೆಯ ಕೋಣೆಯಲ್ಲಿ ಪಕ್ಕದಿಂದ ಟಾರ್ಚಿನ ಬೆಳಕನ್ನು ಹಾಯಿಸಿ. ಯಾವ ಲೋಟದಲ್ಲಿ ಬೆಳಕಿನ ದಾರಿ ಕಾಣುತ್ತದೆ? ಕಾರಣವನ್ನು ನಿಮ್ಮ ವಿಜ್ಞಾನದ ಉಪಾಧ್ಯಾಯರೊಡನೆ ಚರ್ಚಿಸಿ. (ಸಿಲ್ವರ್ ನೈಟ್ರೇಟನ್ನು ಬಳಸುವ ಪ್ರಯೋಗವನ್ನು ಮನೆಯಲ್ಲಿ ಮಾಡಬಾರದು.)